ಕಿಂಗ್ ಕೌಂಟಿಯ ಖಾಲಿ ಕುರ್ಚಿ

ಅಮೆರಿಕದ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಅನ್ನೋ ರಾಜ್ಯ ಇದೆ. ಆ ದೇಶದ ರಾಜಧಾನಿ ವಾಷಿಂಗ್ಟನ್ ಬೇರೆ, ಇದು ಬೇರೆ. ಈ ರಾಜ್ಯದಲ್ಲಿ ಕಿಂಗ್ ಕೌಂಟಿ ಅಂತ ಒಂದು ಕೌಂಟಿ. ಕೌಂಟಿ ಅಂದರೆ ಹೆಚ್ಚೂಕಡಿಮೆ ನಮ್ಮ ಜಿಲ್ಲೆ ಇದ್ದಂಗೆ. ಸಿಯಾಟಲ್ ಪಟ್ಟಣ ಇರೋದು ಇದರೊಳಗೆ. ಮೈಕ್ರೋಸಾಫ್ಟ್, ಅಮೆಜಾನ್ ಕಂಪನಿಗಳು ದೊಡ್ಡದಾಗಿ ಬೆಳೆದದ್ದೂ ಇಲ್ಲೇ. 2020ರ ಜನಗಣತಿ ಪ್ರಕಾರ ಇಲ್ಲಿನ ಜನ 22 ಲಕ್ಷಕ್ಕೂ ಹೆಚ್ಚು. 2025ರ ನವೆಂಬರ್ 4ರಂದು ಈ ಕೌಂಟಿಯ ಎಲ್ಲಕ್ಕಿಂತ ದೊಡ್ಡ ಕುರ್ಚಿಗೆ ಚುನಾವಣೆ ನಡೆಯಿತು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದವರು ಎದ್ದು ಹೋಗಿದ್ದರು. ಕುರ್ಚಿ ಖಾಲಿಯಾಗಿತ್ತು. ಗೆದ್ದವನು ಗಿರ್ಮೇ ಜಹಿಲೈ. ಇಥಿಯೋಪಿಯ ಬಿಟ್ಟು ಓಡಿಬಂದ ನಿರಾಶ್ರಿತರ ಮಗ. ಹುಟ್ಟಿದ್ದು ಸೂಡಾನಿನಲ್ಲಿ.

ಎಲ್ಲಿಯ ಸಿಯಾಟಲ್, ಎಲ್ಲಿಯ ನಮ್ಮ ಕೇರಿ ಅಂತ ಓದುವವರು ಕೇಳಬಹುದು. ಪತ್ರಿಕೆಗಳು ಇಂಥ ಸುದ್ದಿಯನ್ನು ಒಬ್ಬ ಜಾಣ ಹುಡುಗ ಓದಿ ಮೇಲೆ ಬಂದ ಕತೆಯಾಗಿ ಬರೆದು ಕೈ ತೊಳೆದುಕೊಳ್ಳುತ್ತವೆ. ನಮ್ಮಲ್ಲೂ ಒಬ್ಬ ದಲಿತ ಅಧಿಕಾರಿಯಾದರೆ ಹಂಗೇ ಬರೆಯುತ್ತಾರೆ. ಆ ಕುರ್ಚಿಯ ತನಕ ದಾರಿ ಕಡಿದವರು ಯಾರು, ಅದಕ್ಕಾಗಿ ಜೈಲಿಗೆ ಹೋದವರು ಯಾರು, ಕುರ್ಚಿಯಲ್ಲಿ ಕೂತವನ ಕೈಗೆ ಬರೋದು ಏನು ಅನ್ನೋದನ್ನು ಯಾರೂ ಬರೆಯೋದಿಲ್ಲ. ಅದನ್ನೇ ನಾವು ಇಲ್ಲಿ ಬರೆಯಬೇಕಾಗಿದೆ.

ಮೊದಲು ಹೆಸರಿನ ವಿಚಾರ ನೋಡೋಣ.

ಈ ಕೌಂಟಿ ಹುಟ್ಟಿದ್ದು 1852ರ ಡಿಸೆಂಬರಿನಲ್ಲಿ. ಅದಕ್ಕೆ ಇಟ್ಟದ್ದು ಆಗತಾನೇ ಅಮೆರಿಕದ ಉಪರಾಷ್ಟ್ರಪತಿಯಾಗಿ ಆರಿಸಿಬಂದಿದ್ದ ವಿಲಿಯಂ ರೂಫಸ್ ಕಿಂಗ್ ಎಂಬವನ ಹೆಸರು. ಈತ ಅಲಬಾಮದ ದೊಡ್ಡ ಜಮೀನ್ದಾರ, ಗುಲಾಮರ ಒಡೆಯ. ಕ್ಷಯರೋಗ ಹತ್ತಿ ಕ್ಯೂಬಾಕ್ಕೆ ಹೋಗಿ ಅಲ್ಲೇ ಪ್ರಮಾಣವಚನ ತೆಗೆದುಕೊಂಡ. 1853ರ ಏಪ್ರಿಲಿನಲ್ಲಿ, ಅಧಿಕಾರ ಹಿಡಿದು ತಿಂಗಳು ತುಂಬುವುದರೊಳಗೆ ಸತ್ತ. ತನ್ನ ಹೆಸರಿನ ಆ ನೆಲವನ್ನು ಅವನು ಕಣ್ಣಲ್ಲೂ ನೋಡಲಿಲ್ಲ. ಆ ನೆಲದಲ್ಲಿ ಸಾವಿರಾರು ವರ್ಷದಿಂದ ಮೀನು ಹಿಡಿದು ಬದುಕಿದ್ದ ಡುವಾಮಿಶ್ ಮೊದಲಾದ ಮೂಲನಿವಾಸಿಗಳ ಗತಿ ಏನಾಯಿತು? ಸಿಯಾಟಲ್ ಅನ್ನೋದು ಅವರ ನಾಯಕನ ಹೆಸರು. ನಾಯಕನ ಹೆಸರನ್ನು ಊರಿಗೆ ಇಟ್ಟುಕೊಂಡ ಬಿಳಿಯರು, 1865ರಲ್ಲಿ ಅವನ ಜನ ಊರೊಳಗೆ ವಾಸ ಮಾಡಕೂಡದು ಅಂತ ಕಾನೂನು ತಂದರು. ಹೆಸರು ಊರೊಳಗೆ, ಜನ ಊರ ಹೊರಗೆ. ಇದನ್ನು ನಾವು ಯಾರೂ ಹೊಸದಾಗಿ ಕಲಿಯಬೇಕಾಗಿಲ್ಲ.

ಈ ಗುಲಾಮರ ಒಡೆಯ ಕಿಂಗ್ ಅಲಬಾಮದಲ್ಲಿ ಒಂದು ಪಟ್ಟಣ ಕಟ್ಟುವುದರಲ್ಲಿ ಮುಂದಾಳಾಗಿದ್ದ. ಅದಕ್ಕೆ ಸೆಲ್ಮಾ ಅಂತ ಹೆಸರಿಟ್ಟವನೂ ಅವನೇ. ಅವನು ಸತ್ತು ನೂರು ವರ್ಷ ದಾಟಿದ ಮೇಲೆ, 1965ರಲ್ಲಿ, ಅದೇ ಸೆಲ್ಮಾದಲ್ಲಿ ಕಪ್ಪು ಜನ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟರು. ಸೇತುವೆಯ ಮೇಲೆ ಪೊಲೀಸರು ಲಾಠಿಯಲ್ಲಿ ಬಡಿದರು, ಅಶ್ರುವಾಯು ಬಿಟ್ಟರು. ಆಮೇಲೆ ಅಲ್ಲಿಂದ ರಾಜ್ಯದ ರಾಜಧಾನಿ ಮಾಂಟ್‌ಗಮರಿಗೆ ನಡೆದ ಜನರ ಮುಂದೆ ಇದ್ದವರು ಇನ್ನೊಬ್ಬ ಕಿಂಗ್, ಮಾರ್ಟಿನ್ ಲೂಥರ್ ಕಿಂಗ್. ಅದೇ ವರ್ಷ ಮತದಾನ ಹಕ್ಕಿನ ಕಾನೂನು ಬಂತು.

ಈ ಎರಡನೇ ಕಿಂಗ್ ನಮ್ಮ ದೇಶಕ್ಕೂ ಬಂದಿದ್ದವರು. 1959ರಲ್ಲಿ ತಿರುವನಂತಪುರದ ಒಂದು ಶಾಲೆಯಲ್ಲಿ, ಅಸ್ಪೃಶ್ಯರ ಮಕ್ಕಳ ಮುಂದೆ, ಶಾಲೆಯ ಮುಖ್ಯಸ್ಥರು ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಅಂತ ಪರಿಚಯ ಮಾಡಿಕೊಟ್ಟರಂತೆ. ಮೊದಲು ಮನಸ್ಸಿಗೆ ಕಸಿವಿಸಿಯಾಯಿತು, ಆಮೇಲೆ ತಮ್ಮ ಜನರ ಪಾಡನ್ನು ನೆನೆದು ಹೌದು, ನಾನೂ ಅಸ್ಪೃಶ್ಯನೇ ಅಂದುಕೊಂಡೆ ಅಂತ 1965ರ ಒಂದು ಉಪದೇಶದಲ್ಲಿ ಅವರೇ ಹೇಳಿಕೊಂಡರು.

ಸಿಯಾಟಲ್ಲಿಗೆ ಅವರು ಬಂದದ್ದು ಒಂದೇ ಸಲ, 1961ರ ನವೆಂಬರಿನಲ್ಲಿ. ಸಭೆಗೆ ಜಾಗ ಕೊಡುತ್ತೇವೆ ಅಂದಿದ್ದ ಚರ್ಚಿನವರು ಕೊನೆಗೆ ಕೈ ಎತ್ತಿದರು. ಉತ್ತರದ ರಾಜ್ಯಗಳಲ್ಲಿ ಬಣ್ಣಭೇದ ಇಲ್ಲ ಅನ್ನುವವರಿಗೆ ಇನ್ನೊಂದು ಲೆಕ್ಕ ಹೇಳಬೇಕು. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ ನೋಡಬಾರದು ಅನ್ನೋ ಕಾನೂನನ್ನು 1964ರ ಮಾರ್ಚಿನಲ್ಲಿ ಸಿಯಾಟಲ್ಲಿನ ಮತದಾರರ ಮುಂದೆ ಇಟ್ಟರು. ಒಂದಕ್ಕೆ ಎರಡರಷ್ಟು ಮತ ಹಾಕಿ ಅದನ್ನು ಸೋಲಿಸಿದರು. ಕಪ್ಪು ಜನ ಸೆಂಟ್ರಲ್ ಡಿಸ್ಟ್ರಿಕ್ಟ್ ಅನ್ನೋ ತಮ್ಮ ಕೇರಿಯಲ್ಲೇ ಉಳಿದರು. ಬೇರೆ ಬಡಾವಣೆಗಳ ಮನೆ ಪತ್ರಗಳಲ್ಲೇ ಇಂಥ ಜನಕ್ಕೆ ಮಾರಕೂಡದು ಅಂತ ಬರೆದಿರುತ್ತಿತ್ತು. ನಮ್ಮಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ‘ನೀವು ಯಾವ ಪೈಕಿ?’ ಅಂತ ಬಾಯಲ್ಲಿ ಕೇಳುತ್ತಾರೆ. ಅವರು ಕಾಗದದಲ್ಲೇ ಬರೆದುಕೊಂಡಿದ್ದರು.

ಇನ್ನು 1968. ಸಿಯಾಟಲ್ಲಿನ ಫ್ರಾಂಕ್ಲಿನ್ ಹೈಸ್ಕೂಲಿನಲ್ಲಿ ಇಬ್ಬರು ಕಪ್ಪು ಹುಡುಗಿಯರು ತಮ್ಮ ಗುಂಗುರು ಕೂದಲನ್ನು ಹುಟ್ಟಿದ ಹಂಗೇ ಬಿಟ್ಟುಕೊಂಡು ಬಂದರು ಅಂತ ಮನೆಗೆ ಕಳಿಸಿದರು. ಮಾರ್ಚ್ 29ರಂದು ನೂರಕ್ಕೂ ಹೆಚ್ಚು ಹುಡುಗರು ಹೆಡ್‌ಮಾಸ್ಟರರ ಆಫೀಸಿಗೆ ನುಗ್ಗಿ ಧರಣಿ ಕೂತರು. ನಮ್ಮ ಚರಿತ್ರೆಯನ್ನೂ ಪಾಠ ಮಾಡಿ ಅಂತ ಕೇಳಿದರು. ಅದರ ಮುಂದಾಳುಗಳಲ್ಲಿ ಲ್ಯಾರಿ ಗಾಸೆಟ್, ಏರನ್ ಡಿಕ್ಸನ್ ಇದ್ದರು. ಕಾಲೇಜು ಹುಡುಗರು. ಏಪ್ರಿಲ್ 4ರಂದು ಪೊಲೀಸರು ಅವರನ್ನು ಹಿಡಿದು ಕಿಂಗ್ ಕೌಂಟಿ ಜೈಲಿಗೆ ಹಾಕಿದರು. ಅದೇ ದಿನ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ಗೆ ಗುಂಡು ಹೊಡೆದರು. ಆ ಸುದ್ದಿ ಈ ಹುಡುಗರ ಕಿವಿಗೆ ಬಿದ್ದದ್ದು ಜೈಲಿನಲ್ಲಿ. ಕಿಂಗ್ ಸತ್ತ ಹದಿನೈದು ದಿನಕ್ಕೆ, ನಾಲ್ಕು ವರ್ಷದ ಹಿಂದೆ ಸೋಲಿಸಿದ್ದ ಅದೇ ಮನೆ ಕಾನೂನನ್ನು ಸಿಯಾಟಲ್ ಪಟ್ಟಣದ ಕೌನ್ಸಿಲ್ ಒಮ್ಮತದಿಂದ ಪಾಸು ಮಾಡಿತು. ಅದೇ ವರ್ಷ ಡಿಕ್ಸನ್ ಮುಂದಾಳುತನದಲ್ಲಿ ಅಲ್ಲಿ ಬ್ಲ್ಯಾಕ್ ಪ್ಯಾಂಥರ್ ಶಾಖೆ ಹುಟ್ಟಿತು. ನಾಲ್ಕು ವರ್ಷದ ಮೇಲೆ ಬೊಂಬಾಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿದಾಗ ಅದರ ಹೆಸರು ಎಲ್ಲಿಂದ ಬಂತು ಅಂತ ನಮಗೆಲ್ಲ ಗೊತ್ತಿದೆ.

ಕುರ್ಚಿಯ ಕತೆ ಶುರುವಾಗೋದೂ ಅದೇ 1968ರಲ್ಲಿ. ಅಲ್ಲಿಯತನಕ ಮೂವರು ಕಮಿಷನರುಗಳು ಕೌಂಟಿ ನಡೆಸುತ್ತಿದ್ದರು. ಆ ವರ್ಷದ ನವೆಂಬರಿನಲ್ಲಿ ಮತದಾರರು ಹೊಸ ಚಾರ್ಟರ್ ಒಪ್ಪಿದರು. ಕಾನೂನು ಮಾಡಲು ಒಂದು ಕೌನ್ಸಿಲ್, ಆಡಳಿತ ನಡೆಸಲು ಒಬ್ಬ ಕೌಂಟಿ ಎಕ್ಸಿಕ್ಯುಟಿವ್. ಜನರೇ ನೇರವಾಗಿ ಆರಿಸಬೇಕು. ಜೈಲು, ಆಸ್ಪತ್ರೆ, ಬಸ್ಸು, ಚರಂಡಿ ನೀರು ಇಂಥವೆಲ್ಲ ಈ ಕುರ್ಚಿಯ ಕೈಕೆಳಗೆ ಬಂದವು. ಬಜೆಟ್ ಬರೆಯೋದು ಈ ಕುರ್ಚಿ. 2022ರಿಂದ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನನ್ನು ನೇಮಿಸೋದೂ ಇದೇ. ನಮ್ಮ ಜಿಲ್ಲಾಧಿಕಾರಿ ಮತ್ತು ಜಿಲ್ಲಾ ಪಂಚಾಯತಿ ಅಧ್ಯಕ್ಷರನ್ನು ಒಟ್ಟಿಗೆ ಸೇರಿಸಿ, ಜನರೇ ಮತ ಹಾಕಿ ಕೂರಿಸಿದರೆ ಹೆಂಗಿರುತ್ತೋ ಹಂಗೆ ಅಂದುಕೊಳ್ಳಿ.

ಇಂಥ ಕುರ್ಚಿಯಲ್ಲಿ ಕೂತವರನ್ನು ಏಳಿಸೋದು ಸುಲಭ ಅಲ್ಲ. ಹೆಸರು, ದುಡ್ಡು, ಪರಿಚಯ ಎಲ್ಲ ಅವರ ಕಡೆ ಇರುತ್ತೆ. 1993ರಲ್ಲಿ ಗ್ಯಾರಿ ಲಾಕ್ ಅನ್ನೋ ಚೀನೀ ಮೂಲದವರು ಕೂತವರನ್ನೇ ಸೋಲಿಸಿ ಬಂದರು ನಿಜ. ಆದರೆ ಅವರು 1996ರಲ್ಲಿ ರಾಜ್ಯದ ಗವರ್ನರ್ ಆಗಿ ಆಯ್ಕೆಯಾದ ಮೇಲೆ, ಮುಂದಿನ 28 ವರ್ಷ ಆ ಕುರ್ಚಿಗೆ ಚುನಾವಣೆಯಲ್ಲಿ ಗೆದ್ದವರು ಇಬ್ಬರೇ. ಒಬ್ಬರು ರಾನ್ ಸಿಮ್ಸ್. ಆ ಕುರ್ಚಿಯಲ್ಲಿ ಕೂತ ಮೊದಲ ಕಪ್ಪು ಮನುಷ್ಯ. 2009ರಲ್ಲಿ ಅವರು ಒಬಾಮಾ ಸರ್ಕಾರದ ಕೆಲಸಕ್ಕೆ ಹೋದಾಗ ಕುರ್ಚಿ ಖಾಲಿಯಾಯಿತು. ಗೆದ್ದವರು ಡೌ ಕಾನ್‌ಸ್ಟಂಟೈನ್. ಅವರು 2025ರ ತನಕ ಇದ್ದರು. ಖಾಲಿ ಕುರ್ಚಿ ಅನ್ನೋದು ಅಲ್ಲಿ ತಲೆಮಾರಿಗೆ ಒಂದೋ ಎರಡೋ ಸಲ ಬರುವಂಥದ್ದು. ಆ ಹೊತ್ತಿಗೆ ತಯಾರಾಗಿ ನಿಂತಿದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತೆ.

ರಾನ್ ಸಿಮ್ಸ್ ಕೌನ್ಸಿಲ್ ಸದಸ್ಯರಾಗಿದ್ದಾಗಲೇ ಒಂದು ಕೆಲಸ ಮಾಡಿದ್ದರು. 1986ರ ಫೆಬ್ರವರಿಯಲ್ಲಿ ಇನ್ನೊಬ್ಬ ಸದಸ್ಯರ ಜೊತೆ ಸೇರಿ ಒಂದು ನಿರ್ಣಯ ತಂದರು. ಕೌಂಟಿಯ ಹೆಸರು ಕಿಂಗ್ ಅಂತಲೇ ಇರಲಿ, ಆದರೆ ಅದು ಗುಲಾಮರ ಒಡೆಯ ಕಿಂಗ್ ಅಲ್ಲ, ಮಾರ್ಟಿನ್ ಲೂಥರ್ ಕಿಂಗ್ ಆಗಲಿ. ಐದು ಮತ ಪರ, ನಾಲ್ಕು ವಿರುದ್ಧ. ಒಂದೇ ಮತದಲ್ಲಿ ಗೆದ್ದಿತು. ಒಂದು ಅಕ್ಷರ ಬದಲಾಗಲಿಲ್ಲ, ಒಂದು ಬೋರ್ಡು ಬದಲಾಗಲಿಲ್ಲ, ಹೆಸರಿನ ಒಡೆಯ ಬದಲಾದ. ಆದರೆ ಕೌಂಟಿ ಹೆಸರು ಬದಲಿಸುವ ಅಧಿಕಾರ ಇದ್ದದ್ದು ರಾಜ್ಯಕ್ಕೆ. ರಾಜ್ಯ ಅದನ್ನು ಕಾನೂನು ಮಾಡಿದ್ದು 2005ರಲ್ಲಿ, ಹತ್ತೊಂಬತ್ತು ವರ್ಷ ಕಳೆದ ಮೇಲೆ. ಕೌಂಟಿಯ ಮುದ್ರೆಯಲ್ಲಿ ಇದ್ದ ಕಿರೀಟ ಹೋಗಿ ಮಾರ್ಟಿನ್ ಲೂಥರ್ ಕಿಂಗ್ ಮುಖ ಬಂದದ್ದು 2007ರಲ್ಲಿ. ಅದಕ್ಕಾಗಿ ಕೌನ್ಸಿಲಿನಲ್ಲಿ ಪಟ್ಟು ಹಿಡಿದವರು ಬೇರೆ ಯಾರೂ ಅಲ್ಲ, 1968ರಲ್ಲಿ ಜೈಲಿಗೆ ಹೋಗಿದ್ದ ಅದೇ ಲ್ಯಾರಿ ಗಾಸೆಟ್. 1993ರಲ್ಲಿ ಅವರು ಕೌನ್ಸಿಲಿಗೆ ಆರಿಸಿಬಂದಿದ್ದರು. ತನ್ನನ್ನು ಒಳಗೆ ಹಾಕಿದ ಕೌಂಟಿಯಲ್ಲೇ ಕಾನೂನು ಮಾಡುವವರಾಗಿ ಕಾಲು ಶತಮಾನ ಕೂತರು.

2019ರಲ್ಲಿ ಗಾಸೆಟ್ ಸೋತರು. ಸೋಲಿಸಿದ್ದು ಇದೇ ಗಿರ್ಮೇ ಜಹಿಲೈ. ಸಿಯಾಟಲ್ಲಿನ ದಕ್ಷಿಣದ ಸರ್ಕಾರಿ ಮನೆಗಳಲ್ಲಿ ಬೆಳೆದವನು, ಆಮೇಲೆ ವಕೀಲಿಕೆ ಓದಿದವನು. ಹೈಸ್ಕೂಲು ಓದಿದ್ದು ಎಲ್ಲಿ? ಫ್ರಾಂಕ್ಲಿನ್ ಹೈಸ್ಕೂಲು. ಗಾಸೆಟ್ ಯಾವ ಶಾಲೆಯ ಮಕ್ಕಳಿಗಾಗಿ ಜೈಲಿಗೆ ಹೋದರೋ ಅದೇ ಶಾಲೆ. ಹಿರಿಯ ಹೋರಾಟಗಾರನನ್ನು ತಮ್ಮವನೇ ಸೋಲಿಸಿದ್ದು ಕೆಲವರಿಗೆ ನೋವಾಗಿರಬಹುದು. ಆದರೆ ಧರಣಿ ಕೂತದ್ದೇ ಮುಂದಿನವರು ಓದಿ ಬರಲಿ ಅಂತ ತಾನೇ? ಮುಂದಿನವನು ಬಂದ. ನಮ್ಮ ಸಂಘಟನೆಗಳಲ್ಲಿ ಇದನ್ನು ಒಪ್ಪಿಕೊಳ್ಳೋದು ನಮಗೆ ಎಷ್ಟು ಕಷ್ಟ ಅಂತ ನಾವೇ ಎದೆ ಮುಟ್ಟಿ ನೋಡಿಕೊಳ್ಳಬೇಕು.

2025ರ ಕಣದಲ್ಲಿ ಕೊನೆಗೆ ಉಳಿದವರು ಇಬ್ಬರು. ಈ ಕುರ್ಚಿಗೆ ಪಕ್ಷದ ಚಿಹ್ನೆ ಬೇಡ ಅಂತ 2008ರಲ್ಲೇ ಮತದಾರರು ತೀರ್ಮಾನಿಸಿದ್ದರು. ಆಗಸ್ಟಿನ ಮೊದಲ ಸುತ್ತಿನಲ್ಲಿ ಮುಂದೆ ಬಂದ ಇಬ್ಬರಿಗೆ ಮಾತ್ರ ನವೆಂಬರಿನಲ್ಲಿ ಜಾಗ. ಒಬ್ಬ ಜಹಿಲೈ. ಇನ್ನೊಬ್ಬರು ಕ್ಲಾಡಿಯಾ ಬಾಲ್ಡುಚಿ, ಬೆಲ್ವ್ಯೂ ಪಟ್ಟಣದ ಮೇಯರ್ ಆಗಿದ್ದವರು, ಅದಕ್ಕೂ ಮೊದಲು ಕೌಂಟಿಯ ಜೈಲು ಇಲಾಖೆಯ ನಿರ್ದೇಶಕರಾಗಿದ್ದವರು. ಇಬ್ಬರೂ ಕೌನ್ಸಿಲ್ ಸದಸ್ಯರೇ. ಜಹಿಲೈ ಗೆದ್ದ.

ಗೆದ್ದವನ ಕೈಗೆ ಬಂದದ್ದು ಏನು? ಕಿಂಗ್ ಮುಖದ ಮುದ್ರೆ ಬಂತು. ಅದರ ಜೊತೆಗೆ ಜೈಲಿನ ಬೀಗದ ಕೈಯೂ ಬಂತು. ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಆ ಕೌಂಟಿಯ ಜೈಲಿನಲ್ಲಿ ಕಪ್ಪು ಜನರ ಸಂಖ್ಯೆ, ಜನಸಂಖ್ಯೆಯಲ್ಲಿ ಅವರ ಪಾಲಿಗಿಂತ ಎಷ್ಟೋ ಪಟ್ಟು ಹೆಚ್ಚು. 2012ರಲ್ಲಿ ಎಳೆಯರ ನ್ಯಾಯಾಲಯ ಮತ್ತು ಜೈಲಿಗೆ ಹೊಸ ಕಟ್ಟಡ ಕಟ್ಟಲು ಮತದಾರರೇ 21 ಕೋಟಿ ಡಾಲರ್ ತೆರಿಗೆ ಒಪ್ಪಿದರು. ಮಕ್ಕಳಿಗೆ ಜೈಲು ಬೇಡ ಅಂತ ವರ್ಷಗಟ್ಟಲೆ ಚಳವಳಿ ನಡೆಯಿತು. ಆದರೂ ಕಟ್ಟಿದರು, 2020ರಲ್ಲಿ ತೆರೆದರು. ಅದೇ ವರ್ಷ ಜಾರ್ಜ್ ಫ್ಲಾಯ್ಡ್ ಕೊಲೆಯಾಗಿ ಬೀದಿ ಬೀದಿಯಲ್ಲಿ ಜನ ಎದ್ದಾಗ, 2025ರೊಳಗೆ ಎಳೆಯರನ್ನು ಜೈಲಿನಲ್ಲಿಡುವುದನ್ನೇ ನಿಲ್ಲಿಸುತ್ತೇವೆ ಅಂತ ಕಾನ್‌ಸ್ಟಂಟೈನ್ ಮಾತು ಕೊಟ್ಟರು. 2025 ಬಂತು. ಜೈಲು ಮುಚ್ಚಲಿಲ್ಲ, ಮಾತು ಕೊಟ್ಟವರು ಕುರ್ಚಿ ಬಿಟ್ಟು ಹೋದರು. ಇನ್ನು ಮನೆಯಿಲ್ಲದವರ ಲೆಕ್ಕ. ಜಗತ್ತಿನ ದೊಡ್ಡ ದೊಡ್ಡ ಸಾಹುಕಾರ ಕಂಪನಿಗಳಿರುವ ಈ ಕೌಂಟಿಯಲ್ಲಿ 2024ರ ಎಣಿಕೆಗೆ ಸಿಕ್ಕಿದವರೇ 16,000ಕ್ಕೂ ಹೆಚ್ಚು. ಹೆಸರಿಗೆ ಹೊನ್ನ ಹೆಗ್ಗಡೆ, ಎಸರಿಗೆ ಅಕ್ಕಿಯಿಲ್ಲ ಅಂತ ನಮ್ಮವರು ಸುಮ್ಮನೆ ಹೇಳಿದ್ದಲ್ಲ.

ಹಾಗಾದರೆ ಹೆಸರು ಬದಲಿಸಿದ್ದು, ಕುರ್ಚಿ ಹಿಡಿದದ್ದು ಎಲ್ಲ ದಂಡವೇ? ಹಂಗಂತ ನಾವು ಹೇಳೋದಿಲ್ಲ. ನಮ್ಮ ಕಡೆಯವರಿಗೂ ಅಲ್ಲಿಂದ ಒಂದು ಫಲ ಸಿಕ್ಕಿದೆ. ಇಂಡಿಯಾದಿಂದ ಅಲ್ಲಿಗೆ ಕಂಪ್ಯೂಟರ್ ಕೆಲಸಕ್ಕೆ ಹೋದವರಲ್ಲಿ ಕೆಲವರು ಜಾತಿಯನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದರು. 2023ರ ಫೆಬ್ರವರಿ 21ರಂದು ಸಿಯಾಟಲ್ ಪಟ್ಟಣದ ಕೌನ್ಸಿಲ್, ಕ್ಷಮಾ ಸಾವಂತ್ ತಂದ ಮಸೂದೆಗೆ ಒಪ್ಪಿ, ಜಾತಿಭೇದವನ್ನು ಕಾನೂನಿನಲ್ಲಿ ನಿಷೇಧಿಸಿತು. ಆರು ಮತ ಪರ, ಒಂದು ವಿರುದ್ಧ. ಅಮೆರಿಕದ ಪಟ್ಟಣಗಳಲ್ಲಿ ಅದೇ ಮೊದಲು. ನಮ್ಮ ದೇಶದಿಂದ ಹೋದ ಮೇಲ್ಜಾತಿಯವರಲ್ಲಿ ಹಲವರು ಬೇಡ ಅಂತ ಕೂಗಾಡಿದರು. ಆದರೆ ಅದು ಸಿಯಾಟಲ್ ಪಟ್ಟಣದ ಕಾನೂನು, ಇಡೀ ಕೌಂಟಿಯದಲ್ಲ. ಸರೋವರ ದಾಟಿ ಮೈಕ್ರೋಸಾಫ್ಟ್ ಇರುವ ರೆಡ್ಮಂಡಿಗೆ ಕೆಲಸಕ್ಕೆ ಹೋದ ದಲಿತ ಹುಡುಗನ ಜೊತೆ ಆ ಕಾನೂನು ಬಸ್ಸು ಹತ್ತಿ ಹೋಗೋದಿಲ್ಲ.

1852ರಿಂದ ಇಲ್ಲಿಯತನಕದ ಈ ಚರಿತ್ರೆಯಲ್ಲಿ ಒಂದು ವಿಷಯ ಸ್ಪಷ್ಟ. ಹೆಸರನ್ನಾಗಲಿ, ಮುದ್ರೆಯನ್ನಾಗಲಿ, ಕುರ್ಚಿಯನ್ನಾಗಲಿ ಅಲ್ಲಿ ಯಾರೂ ಕರೆದು ಕೊಡಲಿಲ್ಲ. ಇಬ್ಬರು ಹುಡುಗಿಯರು ತಮ್ಮ ಕೂದಲು ಬಿಚ್ಚಿಟ್ಟುಕೊಂಡು ಶಾಲೆಗೆ ಹೋದದ್ದರಿಂದ ಬಂದವು ಅವು. ಕುರ್ಚಿಗೆ ನಮ್ಮವನು ಬಂದ ಅಂತ ತಮಟೆ ಬಾರಿಸಿ ಮನೆಗೆ ಹೋಗುವ ಹಂಗಿಲ್ಲ. ಆ ಎಳೆಯರ ಜೈಲಿನ ಮುಂದೆ ಬೋರ್ಡು ಹಿಡಿದು ನಿಂತಿದ್ದವರ ಕೆಲಸ ಮುಗಿದಿಲ್ಲ. ಕುರ್ಚಿಯಲ್ಲಿ ಬಿಳಿಯ ಕೂತಿದ್ದಾಗ ಏನು ಕೇಳುತ್ತಿದ್ದರೋ, ನಿರಾಶ್ರಿತರ ಮಗ ಕೂತಾಗಲೂ ಅದನ್ನೇ ಕೇಳಬೇಕಾಗಿದೆ. ತಮ್ಮವನನ್ನು ಕೇಳೋದು ಇನ್ನೂ ಕಷ್ಟ. ಕೇಳದೆ ಬಿಟ್ಟರೆ ಆ ಮುದ್ರೆಯ ಮೇಲಿನ ಮುಖ ಬರೀ ಚಿತ್ರವಾಗಿ ಉಳಿಯುತ್ತೆ.