ಸಾಗರತೀರದ ಸ್ಮಾರಕಮಾರ್ಗ

ಅಗಲಿದವರ ಹೆಸರನ್ನು ಉಳಿಸಬೇಕೆಂಬ ಆಸೆಯು ಎಲ್ಲ ದೇಶಗಳ ಜನರಿಗೂ ಸಹಜವಾದುದು. ನಮ್ಮ ನಾಡಿನಲ್ಲಿ ಊರಿಗಾಗಿಯೂ ಗೋವುಗಳಿಗಾಗಿಯೂ ಕಾದಿ ಮಡಿದವರಿಗೆ ವೀರಗಲ್ಲುಗಳನ್ನು ನಿಲ್ಲಿಸಿದರು. ತೀರಿಹೋದ ಬಂಧುಗಳ ಹೆಸರಿನಲ್ಲಿ ಕೆರೆಯನ್ನೋ ಬಾವಿಯನ್ನೋ ಅರವಟ್ಟಿಗೆಯನ್ನೋ ಮಾಡಿಸಿದರು. ಮೊದಲನೆಯದು ನೋಡಿ ನೆನೆಯತಕ್ಕ ಸ್ಮಾರಕ. ಎರಡನೆಯದು ಬಳಸಿ ನೆನೆಯತಕ್ಕ ಸ್ಮಾರಕ. ಧರ್ಮಶಾಸ್ತ್ರಕಾರರು ಈ ಎರಡನೆಯ ಬಗೆಯ ಕಾರ್ಯಗಳನ್ನು ಪೂರ್ತವೆಂದು ಕರೆದು ಕೊಂಡಾಡಿರುವರು. ಆದರೆ ಇದರಲ್ಲಿ ಒಂದು ತೊಡಕುಂಟು. ನೀರು ಕುಡಿದು ತಣಿದವನು ಬಾವಿ ತೋಡಿದವನನ್ನು ಮರೆಯುವುದು ಬಹು ಸುಲಭ. ಆಸ್ಟ್ರೇಲಿಯ ಖಂಡದ ದಕ್ಷಿಣ ತೀರದಲ್ಲಿರುವ ಒಂದು ಮಾರ್ಗದ ಚರಿತ್ರೆಯು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ವಿಕ್ಟೋರಿಯಾ ಸಂಸ್ಥಾನದ ಟಾರ್ಕೀ ಎಂಬ ಊರಿನಿಂದ ಪಶ್ಚಿಮಕ್ಕೆ ಅಲನ್ಸ್‌ಫರ್ಡಿನವರೆಗೆ ಸುಮಾರು 240 ಕಿಲೋಮೀಟರು ಉದ್ದವಾಗಿ ಹಬ್ಬಿರುವ ಈ ದಾರಿಗೆ ಗ್ರೇಟ್ ಓಷನ್ ರೋಡ್ ಎಂದು ಹೆಸರು. ಒಂದು ಪಕ್ಕದಲ್ಲಿ ಆಟ್ವೇ ಬೆಟ್ಟಗಳ ದಟ್ಟವಾದ ಅಡವಿ, ಮತ್ತೊಂದು ಪಕ್ಕದಲ್ಲಿ ದಕ್ಷಿಣ ಧ್ರುವದ ಕಡೆಯಿಂದ ಉರುಳಿಬರುವ ಹೆದ್ದೆರೆಗಳು. ಈ ದಾರಿಯಲ್ಲಿ ಇಂದು ಅಸಂಖ್ಯ ದಂಪತಿಗಳು ಕ್ಯಾಂಪರ್ ವ್ಯಾನ್ ಎಂಬ ಮನೆಗಾಡಿಗಳಲ್ಲಿ ಸಂಚರಿಸುತ್ತಾರೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಪಾತ್ರೆಪಡಗ ಎಲ್ಲವೂ ಗಾಡಿಯೊಳಗೇ ಅಡಕವಾಗಿರುವುವು. ಅಲ್ಲಿ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲಿ ನಡೆಯುವುದರಿಂದ, ಪೂರ್ವದಿಂದ ಪಶ್ಚಿಮಕ್ಕೆ ಹೊರಟವರಿಗೆ ಕಡಲು ಗಾಡಿಯ ಎಡಮಗ್ಗುಲಲ್ಲೇ ದೊರೆಯುತ್ತದೆ. ಪತಿಯು ತಿರುವುಗಳ ಮೇಲೆ ಕಣ್ಣಿಟ್ಟು ಗಾಡಿ ನಡೆಸುತ್ತಿದ್ದರೆ ಪಕ್ಕದಲ್ಲಿ ಕುಳಿತ ಪತ್ನಿಗೆ ಸಮುದ್ರದರ್ಶನ; ಮರುದಿನ ಸ್ಥಾನಗಳನ್ನು ಬದಲಿಸಿಕೊಂಡರೆ ಆ ಭಾಗ್ಯ ಪತಿಯದು.

ಇಂತಹ ಗಾಡಿಗಳ ಪೈಕಿ ಲೋಕಪ್ರಸಿದ್ಧವಾದುದು ಜರ್ಮನಿಯ ಫೋಕ್ಸ್‌ವ್ಯಾಗನ್ನಿನದು. 1947ರಲ್ಲಿ ಡಚ್ಚರವನಾದ ಬೆನ್ ಪೋನ್ ಎಂಬ ವರ್ತಕನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಪೆಟ್ಟಿಗೆಯಾಕಾರದ ಒಂದು ಚಿತ್ರವನ್ನು ಗೀಚಿದನು. 1950ರಲ್ಲಿ ಅದು ಗಾಡಿಯಾಗಿ ಕಾರ್ಖಾನೆಯಿಂದ ಹೊರಬಿತ್ತು. ಮುಂದಿನ ವರ್ಷವೇ ವೆಸ್ಟ್‌ಫಾಲಿಯ ಎಂಬ ಸಂಸ್ಥೆಯು ಅದರೊಳಗೆ ಮಲಗುವ, ಉಣ್ಣುವ ಅನುಕೂಲಗಳನ್ನು ಜೋಡಿಸಿತು. ಗಾಡಿಗೆ ಹುಟ್ಟು ಹೀಗಾಯಿತು. ಅದು ಓಡುವ ಈ ದಾರಿಯ ಹುಟ್ಟು ಅಷ್ಟು ಸುಖದ್ದಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾರ್ನ್ ಮೊದಲಾದ ಕರಾವಳಿಯ ಊರುಗಳಿಗೆ ಹಡಗಿನಿಂದಲೋ ಕಾಡಿನ ಒರಟು ಜಾಡಿನಿಂದಲೋ ಹೋಗಬೇಕಾಗಿತ್ತು. ಹಡಗಿನ ದಾರಿಯೂ ನಿರಪಾಯವಾದುದಲ್ಲ. 1878ರ ಜೂನ್ 1ರಂದು ಲಾಕ್ ಆರ್ಡ್ ಎಂಬ ನೌಕೆಯು ಈ ತೀರದ ಬಂಡೆಗಳಿಗೆ ಬಡಿದು ಮುಳುಗಿದಾಗ, ಅದರಲ್ಲಿದ್ದ 54 ಜನರಲ್ಲಿ ಬದುಕಿ ದಡ ಸೇರಿದವರು ಟಾಮ್ ಪಿಯರ್ಸ್ ಎಂಬ ತರುಣನೂ ಈವಾ ಕಾರ್ಮೈಕೇಲ್ ಎಂಬ ತರುಣಿಯೂ ಇಬ್ಬರೇ.

ಅನಂತರ 1914ರ ಮಹಾಯುದ್ಧವು ಬಂದಿತು. ಐವತ್ತು ಲಕ್ಷಕ್ಕೂ ಕಡಮೆ ಜನಸಂಖ್ಯೆಯಿದ್ದ ಆಸ್ಟ್ರೇಲಿಯದಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಸೈನ್ಯಕ್ಕೆ ಸೇರಿದರು. ಸುಮಾರು 60,000 ಮಂದಿ ಹಿಂದಿರುಗಲಿಲ್ಲ. ಮಡಿದವರಲ್ಲಿ ಬಹುಮಂದಿಯ ದೇಹಗಳು ಗಲಿಪೊಲಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಉಳಿದುವು. ಮಡಿದವರಿಗೆ ಸ್ಮಾರಕ ಬೇಕು, ಮರಳಿದವರಿಗೆ ಉದ್ಯೋಗ ಬೇಕು; ಈ ಎರಡು ಅಗತ್ಯಗಳನ್ನೂ ಒಂದೇ ಕಾರ್ಯದಲ್ಲಿ ಪೂರೈಸಬಹುದೆಂದು ಕೆಲವರು ಯೋಚಿಸಿದರು. ಜೀಲಾಂಗ್ ನಗರದ ಮೇಯರಾಗಿದ್ದ ಹೊವಾರ್ಡ್ ಹಿಚ್‌ಕಾಕ್ ಅವರಲ್ಲಿ ಮುಖ್ಯನು. ಆತನ ಅಧ್ಯಕ್ಷತೆಯಲ್ಲಿ 1918ರಲ್ಲಿ ಒಂದು ಟ್ರಸ್ಟು ಸ್ಥಾಪಿತವಾಯಿತು. ಆತನು ಸ್ವಂತವಾಗಿ 3,000 ಪೌಂಡುಗಳನ್ನು ಕೊಟ್ಟು ಇತರರಿಂದಲೂ ಹಣ ಕೂಡಿಸಿದನು. 1919ರ ಸೆಪ್ಟೆಂಬರ್ 19ರಂದು ಕೆಲಸ ಮೊದಲಾಯಿತು.

ಸುಮಾರು 3,000 ಮಂದಿ ಮಾಜಿ ಸೈನಿಕರು ಈ ಕೆಲಸದಲ್ಲಿ ದುಡಿದರು. ಹಿಂದೆ ಶತ್ರುವಿನ ಗುಂಡಿನಿಂದ ತಪ್ಪಿಸಿಕೊಳ್ಳಲು ನೆಲವನ್ನು ಅಗೆದ ಕೈಗಳು ಈಗ ಗುದ್ದಲಿ, ಪಿಕಾಸಿ, ಕೈಗಾಡಿಗಳನ್ನು ಹಿಡಿದು ಬೆಟ್ಟದ ಪಕ್ಕೆಯನ್ನು ಕಡಿದುವು. ಬಂಡೆಗಳನ್ನು ಮದ್ದಿಟ್ಟು ಸಿಡಿಸಿದುವು. ದಿನಕ್ಕೆ 8 ಗಂಟೆಗಳ ದುಡಿಮೆಗೆ 10 ಶಿಲಿಂಗು 6 ಪೆನ್ಸು ಕೂಲಿ. ವಸತಿ ಡೇರೆಗಳಲ್ಲಿ. ಸಂಜೆಯ ಬೇಸರ ಕಳೆಯಲು ಪಿಯಾನೊ, ಗ್ರಾಮಾಫೋನು, ವೃತ್ತಪತ್ರಿಕೆಗಳು ಇದ್ದುವು. ಕೆಲವರು ಈ ಕೆಲಸದಲ್ಲಿಯೇ ಪ್ರಾಣಬಿಟ್ಟರು. ಯುದ್ಧದಿಂದ ಬದುಕಿಬಂದು ಸ್ಮಾರಕವನ್ನು ಕಟ್ಟುವಾಗ ಮಡಿದ ಇವರ ಪಾಡು ಮನಸ್ಸನ್ನು ಕಲಕುವಂತಹುದು. ಇಷ್ಟು ಕಷ್ಟಗಳ ನಡುವೆ ಒಂದು ವಿನೋದವೂ ನಡೆಯಿತು. 1924ರಲ್ಲಿ ಕ್ಯಾಸಿನೊ ಎಂಬ ಹಡಗು ಬಂಡೆಗೆ ತಗುಲಿ, ಭಾರ ಇಳಿಸುವುದಕ್ಕಾಗಿ 500 ಪೀಪಾಯಿ ಬಿಯರನ್ನೂ 120 ಪೆಟ್ಟಿಗೆ ಮದ್ಯವನ್ನೂ ಕಡಲಿಗೆ ಚೆಲ್ಲಿತು. ಅಲೆಗಳು ತಂದೊಪ್ಪಿಸಿದ ಆ ಕಾಣಿಕೆಯ ದೆಸೆಯಿಂದ ಎರಡು ವಾರಗಳ ಕಾಲ ಗುದ್ದಲಿಗಳಿಗೆ ವಿರಾಮ ದೊರೆಯಿತಂತೆ!

1922ರಲ್ಲಿ ಈಸ್ಟರ್ನ್ ವ್ಯೂವಿನಿಂದ ಲಾರ್ನಿನವರೆಗಿನ ಭಾಗವು ತೆರೆಯಿತು. ಲಾರ್ನಿನಿಂದ ಅಪೊಲೊ ಬೇಯವರೆಗಿನ ಕಠಿಣವಾದ ಭಾಗವು ಮುಗಿದು 1932ರ ನವೆಂಬರ್ 26ರಂದು ಪ್ರಾರಂಭೋತ್ಸವವು ನಡೆಯಿತು. ಆ ದಿನವನ್ನು ಕಾಣುವ ಪುಣ್ಯ ಹಿಚ್‌ಕಾಕನಿಗಿರಲಿಲ್ಲ. ಮೂರು ತಿಂಗಳ ಹಿಂದೆಯೇ, ಆಗಸ್ಟಿನಲ್ಲಿ, ಆತನು ತೀರಿಕೊಂಡಿದ್ದನು. ಮೆರವಣಿಗೆಯಲ್ಲಿ ಗವರ್ನರರ ಗಾಡಿಯ ಹಿಂದೆ ಆತನ ಮೋಟಾರನ್ನು ನಡೆಸಿಕೊಂಡು ಹೋದರು. ದಾರಿಗರು ಆರಂಭದಲ್ಲಿ ಸುಂಕ ತೆರಬೇಕಾಗಿತ್ತು. 1936ರಲ್ಲಿ ಮಾರ್ಗವು ಸರಕಾರದ ವಶಕ್ಕೆ ಬಂದು ಸುಂಕವೂ ನಿಂತಿತು.

ಈಸ್ಟರ್ನ್ ವ್ಯೂವಿನಲ್ಲಿ ದಾರಿಗೆ ಅಡ್ಡಲಾಗಿ ಒಂದು ಮರದ ಕಮಾನು ಇದೆ. ಅದು 1983ರ ಕಾಳ್ಗಿಚ್ಚಿನಲ್ಲಿ ಸುಟ್ಟುಹೋದಾಗ ಜನರು ಮತ್ತೆ ಕಟ್ಟಿದರು. ಮನುಷ್ಯನು ಕಟ್ಟಿದುದನ್ನು ಹೀಗೆ ಮತ್ತೆ ನಿಲ್ಲಿಸಬಹುದು. ಪಶ್ಚಿಮದಲ್ಲಿ ಕಡಲಿನ ನಡುವೆ ನಿಂತ ಟ್ವೆಲ್ವ್ ಅಪಾಸಲ್ಸ್ ಎಂಬ ಸುಣ್ಣಕಲ್ಲಿನ ಕಂಬಗಳ ಸಂಗತಿ ಬೇರೆ. ಅವುಗಳಿಗೆ ಹನ್ನೆರಡು ಶಿಷ್ಯರ ಹೆಸರಿದ್ದರೂ ಹೆಸರಿಟ್ಟಾಗಲೇ ಇದ್ದುವು ಒಂಬತ್ತು. 2005ರ ಜುಲೈ 3ರಂದು ಅವುಗಳಲ್ಲಿ ಒಂದು ಕುಸಿದುಬಿದ್ದಿತು. ಅದಕ್ಕೂ ಮುಂಚೆ, 1990ರಲ್ಲಿ, ಸಮೀಪದ ಲಂಡನ್ ಬ್ರಿಡ್ಜ್ ಎಂಬ ಸಹಜಸೇತುವೆಯು ಮುರಿದಾಗ ತುದಿಯಲ್ಲಿ ಸಿಕ್ಕಿಕೊಂಡ ಇಬ್ಬರು ಪ್ರವಾಸಿಗಳನ್ನು ಹೆಲಿಕಾಪ್ಟರಿನಿಂದ ಪಾರುಮಾಡಬೇಕಾಯಿತು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಾತನ್ನು ಬಿಡುವುದು ನ್ಯಾಯವಲ್ಲ. ಆಟ್ವೇ ಕಾಡಿನಲ್ಲಿ ಅನಾದಿಯಿಂದ ವಾಸವಾಗಿದ್ದವರು ಗದುಬನೂಡ್ ಎಂಬ ಮೂಲನಿವಾಸಿಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯರು ಬಂದ ಮೇಲೆ ಹಿಂಸೆಗೆ ಸಿಕ್ಕಿ ಅವರು ತಮ್ಮ ನೆಲವನ್ನೂ ಅನೇಕ ಪ್ರಾಣಗಳನ್ನೂ ಕಳೆದುಕೊಂಡರು. ಸೈನಿಕರಿಗೆ ಎದ್ದ ಕಮಾನು ಅವರಿಗಾಗಿ ಏಳಲಿಲ್ಲ. ಸ್ಮಾರಕಗಳನ್ನು ನೋಡುವಾಗ ಅಲ್ಲಿ ಬರೆದ ಹೆಸರುಗಳಂತೆ ಬರೆಯದೆ ಬಿಟ್ಟ ಹೆಸರುಗಳನ್ನೂ ವಿಚಾರಿಸುವುದು ಚರಿತ್ರಕಾರನ ಕರ್ತವ್ಯ.

ಸಂಜೆಯಾದಾಗ ಲಾರ್ನಿನಲ್ಲಿಯೋ ಅಪೊಲೊ ಬೇಯಲ್ಲಿಯೋ ಮನೆಗಾಡಿಗಳು ಸಾಲಾಗಿ ತಂಗುತ್ತವೆ, ಒಲೆಗಳು ಹೊತ್ತಿಕೊಳ್ಳುತ್ತವೆ. ನೂರು ವರ್ಷಗಳ ಹಿಂದೆ ಇದೇ ತೀರದಲ್ಲಿ ಡೇರೆಗಳ ಸಾಲಿತ್ತು. ಆ ಡೇರೆಗಳಲ್ಲಿದ್ದವರು ಬಯಸಿದುದು ಮಡಿದ ಗೆಳೆಯರ ಹೆಸರು ಉಳಿಯಲೆಂದು, ದಾರಿಗರು ಅಳಲೆಂದಲ್ಲ. ಆದುದರಿಂದ ಇಂದಿನ ದಂಪತಿಗಳ ಸಂತೋಷವು ಆ ಸ್ಮಾರಕಕ್ಕೆ ಅಪಚಾರವಲ್ಲ. ದಾರಿ ಮಾಡಿದುದೇ ಅದಕ್ಕಾಗಿ. ಆದರೂ ಕಮಾನಿನ ಕೆಳಗೆ ಹಾಯುವಾಗ ಗಾಡಿಯನ್ನು ಒಂದು ಗಳಿಗೆ ನಿಲ್ಲಿಸಿ ಅಲ್ಲಿಯ ಬರಹವನ್ನು ಓದಿದರೆ, ನೀರು ಕುಡಿದವರು ಬಾವಿ ತೋಡಿದವರನ್ನು ನೆನೆದಂತಾಗುವುದು.