ಕಮ್ಮಾರ ಮನೆತನಗಳ ವಂಶಾವಳಿ

ಕಮ್ಮಾರ ಮನೆತನಗಳ ವಂಶಾವಳಿ ಎಂದರೆ ಕಬ್ಬಿಣದ ಕೆಲಸವನ್ನು ಕುಲಕಸುಬಾಗಿ ನಡೆಸಿಕೊಂಡು ಬಂದ ಕುಟುಂಬಗಳ ಪೀಳಿಗೆಗಳ ವಿವರ.

ಹಿನ್ನೆಲೆ

ರಾಯಚೂರು ಜಿಲ್ಲೆಯ ಸಂತೆಕಲ್ಲೂರು, ಮಸ್ಕಿ, ಸಿಂಧನೂರು ಪರಿಸರದ ಕೃಷಿಪ್ರಧಾನ ಗ್ರಾಮಗಳಲ್ಲಿ ಕಮ್ಮಾರನು ಆಯಗಾರರಲ್ಲಿ ಒಬ್ಬನು. ನೇಗಿಲಿನ ಕುಳ, ಕುಡುಗೋಲು ಮುಂತಾದವುಗಳನ್ನು ಮಾಡಿ, ಹರಿತಗೊಳಿಸಿ ಕೊಡುತ್ತಿದ್ದ ಆತನಿಗೆ ರೈತರು ಸುಗ್ಗಿಯಲ್ಲಿ ‘ಆಯ’ವೆಂದು ಧಾನ್ಯ ನೀಡುತ್ತಿದ್ದರು.

ಆಕರಗಳು

ಉತ್ತರ ಕರ್ನಾಟಕದಲ್ಲಿ ವಂಶಾವಳಿಯ ಪ್ರಮುಖ ಆಕರ ಹೆಳವರು. ಈ ಅಲೆಮಾರಿ ಸಮುದಾಯದವರು ಎತ್ತಿನೊಡನೆ ಊರೂರು ಸುತ್ತಿ, ತಮ್ಮ ಒಕ್ಕಲು ಮನೆತನಗಳ ಹಿರಿಯರ ಹೆಸರು, ಮೂಲ ಊರು ಮತ್ತು ವಲಸೆಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಗೆಯಲ್ಲಿ ಸೇರಿಸಿಕೊಳ್ಳುತ್ತಾರೆ.

ಜಮೀನಿನ ಕಾಗದಪತ್ರಗಳು ಇನ್ನೊಂದು ಆಕರ. ರಾಯಚೂರು ಪ್ರದೇಶವು 1853ರಿಂದ 1860ರವರೆಗೆ ಬ್ರಿಟಿಷರ ಆಡಳಿತದಲ್ಲಿದ್ದು, ಉಳಿದಂತೆ 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಆಡಳಿತ ಭಾಷೆ ಮೊದಲು ಪರ್ಷಿಯನ್, ಬಳಿಕ ಉರ್ದು ಆಗಿದ್ದುದರಿಂದ ಹಳೆಯ ದಾಖಲೆಗಳನ್ನು ಓದಲು ಆ ಭಾಷೆಗಳ ಪರಿಚಯ ಅಗತ್ಯ.

ಹೋಲಿಕೆ

ಅಮೆರಿಕದಲ್ಲಿ 1850ರ ಜನಗಣತಿಯು ಸ್ವತಂತ್ರ ವ್ಯಕ್ತಿಗಳ ಹೆಸರನ್ನೂ, ಅವರಲ್ಲಿ 15 ವರ್ಷ ಮೀರಿದ ಪುರುಷರ ವೃತ್ತಿಯನ್ನೂ ದಾಖಲಿಸಿತು. ಆದ್ದರಿಂದ ಅಲ್ಲಿನ ಹತ್ತೊಂಬತ್ತನೆಯ ಶತಮಾನದ ಕಮ್ಮಾರನೊಬ್ಬನನ್ನು ಗಣತಿಯ ಹಾಳೆಗಳಲ್ಲೇ ಹುಡುಕಬಹುದು. ಗುಲಾಮರ ಹೆಸರುಗಳು ಮಾತ್ರ ಅದರಲ್ಲಿ ಇರಲಿಲ್ಲ. ಭಾರತದ 1931ರವರೆಗಿನ ಗಣತಿ ವರದಿಗಳು ಜಾತಿ, ವೃತ್ತಿಗಳ ಒಟ್ಟು ಸಂಖ್ಯೆಯನ್ನು ನೀಡುತ್ತವೆಯೇ ಹೊರತು ವ್ಯಕ್ತಿಗಳ ಹೆಸರನ್ನಲ್ಲ.

ಮಿತಿಗಳು

‘ಕಮ್ಮಾರ’, ‘ಬಡಿಗೇರ’ ಎಂಬ ಅಡ್ಡಹೆಸರುಗಳು ಕಸುಬಿನಿಂದ ಬಂದವು. ಅವು ಒಂದೇ ಆದ ಮಾತ್ರಕ್ಕೆ ರಕ್ತಸಂಬಂಧ ಸಿದ್ಧವಾಗದು. ಊರು ಬಿಟ್ಟ ಕುಟುಂಬಕ್ಕೆ ಹೆಳವರ ಹೊತ್ತಗೆಯೇ ಹಲವೊಮ್ಮೆ ಮೂಲದ ಕೊಂಡಿ. ಹೆಳವರ ಮುಂದಿನ ಪೀಳಿಗೆ ಈ ವೃತ್ತಿಯನ್ನು ತೊರೆದಲ್ಲಿ ಆ ಕೊಂಡಿಯೂ ಕಳಚುತ್ತದೆ.