ಬಳ್ಳಾರಿ ರಾಘವರ ಮೂರು ಚಿತ್ರಗಳು: ಗಡಿನಾಡಿನ ಒಬ್ಬ ನಟನ ಸಿನಿಮಾ ಬದುಕು

ತಾಡಿಪತ್ರಿಯ ರಾಘವಾಚಾರ್ಯರು (1880–1946) ನಟಿಸಿದ್ದು ಮೂರೇ ಚಲನಚಿತ್ರಗಳಲ್ಲಿ: ‘ದ್ರೌಪದಿ ಮಾನಸಂರಕ್ಷಣಂ’ (1936), ‘ರೈತುಬಿಡ್ಡ’ (1939), ‘ಚಂಡಿಕಾ’ (1940). ಮೂರೂ ತೆಲುಗು. ಸಂಖ್ಯೆ ನೋಡಿ ಇದನ್ನು ಅವರ ರಂಗಜೀವನದ ಬಾಲಂಗೋಚಿ ಎಂದು ಬದಿಗಿಡುವುದು ಸುಲಭ. ಆದರೆ ರಂಗದ ಮೇಲೆ ಅವರು ಪಟ್ಟುಹಿಡಿದು ರೂಢಿಸಿದ ಅಭಿನಯಕ್ರಮವೇ ಕ್ಯಾಮೆರಾ ಬೇಡುವಂಥದ್ದಾಗಿತ್ತು ಎಂಬುದು ಈ ಲೇಖನದ ವಾದ.

ಮೊದಲು ನೆಲದ ಮಾತು. ರಾಘವರು ಹುಟ್ಟಿದಾಗ ತಾಡಿಪತ್ರಿ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅನಂತಪುರ ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ರಾಯದುರ್ಗ ತಾಲ್ಲೂಕಂತೂ 1953ರವರೆಗೂ ಬಳ್ಳಾರಿಯದೇ. ಬೆಳುಗುಪ್ಪ, ರಾಯದುರ್ಗ, ಮಡಕಶಿರಾ ಕಡೆಯ ಜನರಿಗೆ ಕನ್ನಡ, ತೆಲುಗು ಎರಡೂ ಒಳಗಿನ ಭಾಷೆಗಳು. ಬಳ್ಳಾರಿಯಲ್ಲಿ ವಕೀಲರಾಗಿದ್ದ ರಾಘವರು ಈ ಎರಡರಲ್ಲೂ, ಜೊತೆಗೆ ಇಂಗ್ಲಿಷಿನಲ್ಲೂ ನಟಿಸಿದ್ದನ್ನು ಬರೀ ವೈಯಕ್ತಿಕ ಪ್ರತಿಭೆಯೆಂದರೆ ಸಾಲದು.

ಸೋದರಮಾವ ಧರ್ಮಾವರಂ ರಾಮಕೃಷ್ಣಾಚಾರ್ಯರ ‘ಸರಸ ವಿನೋದಿನಿ ಸಭಾ’ ಬಳ್ಳಾರಿಯಲ್ಲಿ ಪದ್ಯನಾಟಕಕ್ಕೆ ನೆಲೆ ಕಟ್ಟಿತ್ತು. ಪದ್ಯ ಎತ್ತಿ, ರಾಗ ಎಳೆದು, ‘ಒನ್ಸ್ ಮೋರ್’ ಗಿಟ್ಟಿಸುವುದೇ ನಟನೆಯಾಗಿದ್ದ ಕಾಲ ಅದು. ರಾಘವರು ಅದಕ್ಕೆ ಎದುರು ನಿಂತರು. ಮಾತಿನ ಸಹಜ ಏರಿಳಿತ, ಮುಖಭಾವ, ತಡೆದು ನಿಲ್ಲುವ ಮೌನ ಅವರ ಬಲ. ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಹಟ ಹಿಡಿದು, ಹಾಗೆಯೇ ನಡೆಸಿಯೂ ತೋರಿಸಿದರು. ಕೋಲಾಚಲಂ ಶ್ರೀನಿವಾಸರಾಯರ ವಿಜಯನಗರ ಪತನದ ನಾಟಕದಲ್ಲಿ ಪಠಾಣನಾಗಿ ಅವರು ಗಳಿಸಿದ ಹೆಸರಿಗೆ ಹಾಡುಗಾರಿಕೆ ಕಾರಣವಲ್ಲ.

ಮೊದಲ ಚಿತ್ರದಲ್ಲಿ ಅವರದು ದುರ್ಯೋಧನನ ಪಾತ್ರ. ಅದೇ ವರ್ಷ ಅದೇ ಕಥೆಯ ‘ದ್ರೌಪದಿ ವಸ್ತ್ರಾಪಹರಣಂ’ ತೆರೆಕಂಡು, ಇದು ಹಿಂದೆ ಬಿತ್ತು. ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶಿಸಿದ ‘ರೈತುಬಿಡ್ಡ’ದ ವಿಷಯವೇ ಬೇರೆ. ಜಮೀನ್ದಾರಿಯ ಶೋಷಣೆಯನ್ನು ನೇರವಾಗಿ ಹೇಳಿದ ಆ ಚಿತ್ರ ಜಮೀನ್ದಾರರ ವಿರೋಧ ಎದುರಿಸಿ ನಿಷೇಧಕ್ಕೂ ಗುರಿಯಾಯಿತು. ಹಣ ಹಾಕಿದ್ದ ಚಲ್ಲಪಲ್ಲಿಯ ರಾಜರೂ ಜಮೀನ್ದಾರರೇ ಆಗಿದ್ದರೆಂಬುದು ಗಮನಾರ್ಹ. ಕಿರೀಟ, ಗದೆಗಳಿಲ್ಲದ ರೈತನ ಪಾತ್ರ ರಾಘವರಿಗೆ ಇಲ್ಲಿ ದಕ್ಕಿತು. ಅವರ ಅಭಿನಯತತ್ತ್ವಕ್ಕೆ ತಕ್ಕ ವಸ್ತು ಸಿಕ್ಕಿದ್ದು ಇದೊಂದರಲ್ಲೇ ಎಂದು ನನಗನ್ನಿಸುತ್ತದೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಆ ದಶಕದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು, ಅವೂ ಬಹುಪಾಲು ಪೌರಾಣಿಕ. ಆದ್ದರಿಂದ ರಾಘವರ ಹೆಸರು ಕನ್ನಡ ಚಿತ್ರಪಟ್ಟಿಯಲ್ಲಿ ಇಲ್ಲದಿರುವುದನ್ನು ಅವರು ಕನ್ನಡದಿಂದ ದೂರವಿದ್ದರೆಂಬುದಕ್ಕೆ ಪುರಾವೆಯಾಗಿ ಓದಬಾರದು.